ಮೇಜಿನ ಮೇಲೆ ಒಂದೇ ಡಬ್ಬಿ

ಬರಿದಾದ ತೋಟಾಗಳಿಗೆ ಮನೆಯಲ್ಲೇ ಮತ್ತೆ ಮದ್ದು ತುಂಬಿಕೊಳ್ಳುವವರು ಮೊಂಟಾನಾದ ನಮ್ಮ ಕಣಿವೆಯಲ್ಲಿ ಮನೆಗೊಬ್ಬರಿದ್ದಾರೆ; ಅವರಲ್ಲಿ ಹತ್ತು ಬೆರಳು, ಎರಡು ಕಣ್ಣು ನೆಟ್ಟಗಿಟ್ಟುಕೊಂಡು ಓಡಾಡುತ್ತಿರುವ ಬಹುಪಾಲು ಜನ ಶ್ರೀಮತಿ ವರ್ನಾ ಟೋಲೆಫ್‌ಸನ್ ಅವರ ಶಿಷ್ಯರು. ಮೂವತ್ತೊಂದು ವರ್ಷ ನಮ್ಮ ರೈಫಲ್ ಕ್ಲಬ್ಬಿನಲ್ಲಿ ಈ ವಿದ್ಯೆ ಕಲಿಸಿ ಈಗ ನಿವೃತ್ತರಾಗುತ್ತಿರುವ ಅವರನ್ನು ಕುರಿತು ಬರೆಯುವ ಭಾಗ್ಯ, ಅವರಿಂದ ಎಲ್ಲರಿಗಿಂತ ಹೆಚ್ಚು ಬೈಸಿಕೊಂಡ ನನಗೆ ಒದಗಿದ್ದು ನ್ಯಾಯವೇ ಸರಿ.

ಮೊದಲ ತರಗತಿಯಲ್ಲೇ ಅವರು ಬಿಳಿ ಕಾಗದದ ಮೇಲೆ ಹೊಗೆರಹಿತ ಮದ್ದಿನ ಮೂರು ಚಿಟಿಕೆ ಇಡುತ್ತಿದ್ದರು: ಚಪ್ಪಟೆ ಚೂರಿನದು, ಕಡ್ಡಿತುಂಡಿನದು, ಗುಂಡುಕಾಳಿನದು. ಪಿಸ್ತೂಲಿಗೆ ಸರ್ರನೆ ಉರಿಯುವುದು ಬೇಕು, ಉದ್ದ ನಳಿಗೆಯ ರೈಫಲ್ಲಿಗೆ ನಿಧಾನವಾಗಿ ಉರಿಯುವುದು ಬೇಕು ಎಂದು ವಿವರಿಸಿ, ಯಾವುದು ಯಾವುದಕ್ಕೆ ಎಂದು ಕೇಳುತ್ತಿದ್ದರು. ನಾವು ಠೀವಿಯಿಂದ ಉತ್ತರಿಸಿದರೆ ನಕ್ಕುಬಿಡುತ್ತಿದ್ದರು.

“ಆಕಾರ ನೋಡಿ ಗುಣ ಹೇಳೋಕೆ ಇದೇನು ಕಾಫಿಪುಡೀನಾ? ಪಿಸ್ತೂಲಿನ ಮದ್ದು, ರೈಫಲ್ಲಿನ ಮದ್ದು ಎರಡರಲ್ಲೂ ಗುಂಡುಕಾಳು ಇರುತ್ತೆ ಕಣ್ರಪ್ಪಾ! ಡಬ್ಬಿ ಮೇಲಿನ ಚೀಟಿ ಓದಿ. ಮೇಜಿನ ಮೇಲೆ ಒಂದೇ ಡಬ್ಬಿ ಇಡಿ.”

ಹತ್ತೊಂಬತ್ತು ವರ್ಷದ ಹಿಂದೆ ನನ್ನ ಮಗಳು ಬ್ರಿಟ್ಟಾ ಮೊದಲ ಸಲ ಎಲ್ಕ್ ಎಂಬ ಭಾರಿ ಜಿಂಕೆಯ ಬೇಟೆಗೆ ಹೊರಟಿದ್ದಳು. ಅವಳಿಗಾಗಿ ಇಪ್ಪತ್ತು ತೋಟಾ ತುಂಬಿಟ್ಟಿದ್ದೆ. ಹಿಂದಿನ ದಿನ ಮಧ್ಯಾಹ್ನ ಅವಳಿಗೆ ಶುಭ ಕೋರಲು ಹುಳಿ ರೂಬಾರ್ಬ್ ದಂಟು ತುಂಬಿ ಬೇಯಿಸಿದ ಪೈ ಹಿಡಿದು ಬಂದ ವರ್ನಾ ಅವರ ಕಣ್ಣು ನೇರವಾಗಿ ಮೇಜಿನ ಮೇಲಿದ್ದ, ಮದ್ದು ಅಳೆದು ಸುರಿಯುವ ನನ್ನ ಯಂತ್ರದ ಮೇಲೆ ಬಿತ್ತು. ಅದರ ಕೊಳವೆಯಲ್ಲಿ ಇನ್ನೂ ಅರ್ಧ ಮದ್ದಿತ್ತು.

“ಯಾವುದಯ್ಯಾ ಇದು, ಡ್ವೇನ್?”

“ರೈಫಲ್ಲಿಂದೇ. ಗುಂಡುಕಾಳು ಕಾಣ್ತಿಲ್ವಾ?”

“ಕಾಣ್ತಿದೆ. ಡಬ್ಬಿ ಎಲ್ಲಿ?”

ಬೇಸರದಿಂದಲೇ ಹೋಗಿ ಕಪಾಟಿನಿಂದ ರೈಫಲ್ ಮದ್ದಿನ ಡಬ್ಬಿ ತಂದೆ. ಅದರ ಮೊಹರು ಒಡೆದೇ ಇರಲಿಲ್ಲ.

ಹಿಂದಿನ ವಾರ ಕೊಳವೆಯಲ್ಲೇ ಬಿಟ್ಟಿದ್ದ ಪಿಸ್ತೂಲ್ ಮದ್ದನ್ನೇ ನಾನು ಮಗಳ ತೋಟಾಗಳಿಗೆ ತುಂಬಿದ್ದೆ. ಸರ್ರನೆ ಉರಿಯುವ ಆ ಮದ್ದಿನ ಒತ್ತಡಕ್ಕೆ, ಒಂದು ಸಿಡಿದರೂ ಬಂದೂಕು ಅವಳ ಮುಖದೆದುರೇ ಒಡೆಯುತ್ತಿತ್ತು. ಅಂದು ಮಾತ್ರ ವರ್ನಾ ಬೈಯಲಿಲ್ಲ. ಪಕ್ಕದಲ್ಲಿ ಕುಳಿತು ಒಂದೊಂದೇ ತೋಟಾದ ಗುಂಡು ಕಿತ್ತು ಮದ್ದು ಸುರಿಸಿದರು. ಎಣಿಸಿದರೆ ಹತ್ತೊಂಬತ್ತು.

“ಇನ್ನೊಂದು?” ಎಂದರು. ನಾನು ಮೇಜಿನ ಕೆಳಗೆಲ್ಲ ತಡಕಾಡಿದೆ.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಬ್ರಿಟ್ಟಾ ಮೆಲ್ಲನೆ ಜಾಕೆಟ್ ಜೇಬಿಗೆ ಕೈ ಹಾಕಿದಳು. “ನಾಳೆ ಮೊದಲ್ನೇದು ಇದೇ ಅಂತ ಎತ್ತಿಟ್ಕೊಂಡಿದ್ದೆ, ಆಂಟಿ.”

ಅದನ್ನೂ ಬಿಚ್ಚಿ, ಮದ್ದನ್ನೆಲ್ಲ ನಮ್ಮವರ ರೂಢಿಯಂತೆ ಗೊಬ್ಬರವಾಗಲೆಂದು ಹುಲ್ಲಿಗೆ ಎರಚಿ, ತಮ್ಮದೇ ತೋಟಾಗಳ ಪೆಟ್ಟಿಗೆಯನ್ನು ಅವಳ ಕೈಗಿಟ್ಟು ವರ್ನಾ ಮನೆಗೆ ಹೋದರು. ಮಗಳಿಗೆ ಆ ವರ್ಷ ಎಲ್ಕ್ ಸಿಗಲಿಲ್ಲ. ನನ್ನ ತಪ್ಪನ್ನು ಅವರು ಇಂದಿನವರೆಗೆ ಯಾರಿಗೂ ಹೇಳಿಲ್ಲ; ಹಾಗಾಗಿ ನಾನೇ ಹೇಳುತ್ತಿದ್ದೇನೆ.

ಮುಂದಿನ ತಿಂಗಳಿನಿಂದ ಅವರ ತರಗತಿ ನಡೆಸುವವಳು ಬ್ರಿಟ್ಟಾ. ವರ್ನಾ ಅವರು ನೂರ್ಕಾಲ ಬಾಳಲಿ, ಹಿಂದಿನ ಸಾಲಿನಲ್ಲಿ ಕುಳಿತು ತಪ್ಪು ಹುಡುಕುತ್ತಿರಲಿ. ಅವರು ಎಂದಾದರೂ ಆ ತರಗತಿಯ ಬಾಗಿಲು ತೆರೆದರೆ ಮೇಜಿನ ಮೇಲೆ ಎರಡೇ ವಸ್ತು ಕಂಡಾವು: ಒಂದು ಡಬ್ಬಿ, ಮತ್ತು ಅಂದು ನನ್ನ ಮಗಳ ಜೇಬಿನಿಂದ ಹೊರಬಂದ ತೋಟಾದ ಖಾಲಿ ಹಿತ್ತಾಳೆ ಕೋಶ.