ತಕ್ಕಡಿ ಅಕ್ಕ ಕಾರು ಕಲಿತದ್ದು

ನಮ್ಮ ಮನೆಯಲ್ಲಿ ಎರಡು ಪಕ್ಷಗಳಿದ್ದವು. ಸೈಕಲ್ ಪಕ್ಷಕ್ಕೆ ಅಮ್ಮ ನಾಯಕಿ, ಕಾರಿನ ಪಕ್ಷಕ್ಕೆ ಅಪ್ಪ. ನಾನು ಒಬ್ಬಳೇ ಮಗಳಾದ್ದರಿಂದ ಇಬ್ಬರಿಗೂ ನಾನೇ ಪ್ರಜೆ, ನಾನೇ ನ್ಯಾಯಾಧೀಶೆ. ತೀರ್ಪು ಯಾವ ಕಡೆ ಕೊಟ್ಟರೂ ಇನ್ನೊಂದು ಕಡೆಯಿಂದ ಬೈಗುಳ ಗ್ಯಾರಂಟಿ. ಈಗ ಬೈಯುವವರು ಇಬ್ಬರೂ ಇಲ್ಲ. ಊಟದ ಮೇಜಿನ ಮುಂದೆ ಕೂತಾಗಲೆಲ್ಲ ನನಗೆ ಆ ಗಲಾಟೆಯೇ ಬೇಕು ಅನಿಸುತ್ತದೆ.

ಅಮ್ಮ ಹೆರಿಗೆ ಆಸ್ಪತ್ರೆಯ ನರ್ಸ್. ಆದರೆ ಆಸ್ಪತ್ರೆಯೊಳಗೆ ಅವಳು ಇರುತ್ತಿದ್ದದ್ದು ಕಡಿಮೆ. ಹೆರಿಗೆಯಾಗಿ ಮನೆಗೆ ಹೋದ ತಾಯಂದಿರನ್ನು ಮನೆಮನೆಗೆ ಹೋಗಿ ನೋಡುವುದು ಅವಳ ಕೆಲಸ. ಮಗುವಿನ ಹೊಕ್ಕುಳು ಒಣಗಿದೆಯೇ, ತಾಯಿಗೆ ಜ್ವರವೇನಾದರೂ ಇದೆಯೇ, ಹಾಲು ಸಾಲುತ್ತಿದೆಯೇ ಎಂದು ವಿಚಾರಿಸಿ, ಕೊನೆಗೆ ಮಗುವನ್ನು ಬಟ್ಟೆಯ ಜೋಲಿಯಲ್ಲಿ ಮಲಗಿಸಿ, ಸ್ಪ್ರಿಂಗ್ ತಕ್ಕಡಿಗೆ ಸಿಕ್ಕಿಸಿ ತೂಗುತ್ತಿದ್ದಳು. ಸೈಕಲ್ಲಿನ ಕ್ಯಾರಿಯರ್ ಮೇಲೆ ತಗಡಿನ ಪೆಟ್ಟಿಗೆ, ಹ್ಯಾಂಡಲ್‌ನಲ್ಲಿ ನೇತಾಡುವ ತಕ್ಕಡಿ. ಅದು ಗುಂಡಿ ಬಂದಾಗಲೆಲ್ಲ ಠಣ್ ಎನ್ನುತ್ತಿತ್ತು. ಹಾಗಾಗಿ ಬೀದಿಯವರೆಲ್ಲ ಅವಳನ್ನು ತಕ್ಕಡಿ ಅಕ್ಕ ಎಂದೇ ಕರೆಯುತ್ತಿದ್ದರು. ಅವಳು ತೂಗಿದ ಮಕ್ಕಳು ಮೀಸೆ ಬಂದ ಮೇಲೂ ಹಾಗೇ ಕರೆದರು.

ಅಪ್ಪ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಪಕ್ಕದ ಸೀಟಿಗೂ ಒಂದು ಬ್ರೇಕ್ ಇರುತ್ತದಲ್ಲ, ಅಂಥ ಕಾರಿನಲ್ಲಿ ಅವರ ಅರ್ಧ ಆಯುಷ್ಯ ಕಳೆಯಿತು. ಅವರ ಪಾಠದ ಕ್ರಮವೇ ಬೇರೆ. ಕಲಿಯುವವರು ಕಣ್ಣಿಗೆ ಬಿದ್ದದ್ದನ್ನೆಲ್ಲ ಬಾಯಿಬಿಟ್ಟು ಹೇಳುತ್ತಲೇ ಕಾರು ಓಡಿಸಬೇಕು. "ಮುಂದೆ ಬಸ್ಸು, ನಿಲ್ಲೋ ಹಾಗಿದೆ. ಪಕ್ಕದಲ್ಲಿ ಅಜ್ಜಿ, ಇನ್ನೂ ದಾಟಿಲ್ಲ. ಕನ್ನಡೀಲಿ ಲಾರಿ." ಬಾಯಿಗೆ ಬರದೇ ಇದ್ದದ್ದು ಕಣ್ಣಿಗೂ ಕಂಡಿಲ್ಲ ಎಂದೇ ಅಪ್ಪನ ಲೆಕ್ಕ. ದೊಡ್ಡ ದೊಡ್ಡ ಆಫೀಸರುಗಳೂ ಮೊದಲ ದಿನ ನಾಚಿಕೊಂಡು, ಒಂದನೇ ತರಗತಿಯ ಮಕ್ಕಳು ಪದ್ಯ ಒಪ್ಪಿಸುವ ಹಾಗೆ ಗೊಣಗುತ್ತಿದ್ದರಂತೆ. ಸುಮ್ಮನಾದರೆ ಅಪ್ಪ ಬ್ರೇಕ್ ಒತ್ತಿಬಿಡುತ್ತಿದ್ದರು.

ಸಂಜೆ ಇಬ್ಬರೂ ಮನೆಗೆ ಬಂದರೆಂದರೆ ಶುರು.

"ನಿಮ್ಮೋರಿಗೆ ಕಾರಿನ ಬಾಗಿಲು ತೆಗೆಯೋ ಮುಂಚೆ ಹಿಂದೆ ತಿರುಗಿ ನೋಡಿದ್ರೆ ಕತ್ತು ಉಳುಕುತ್ತಾ?" ಎಂದು ಅಮ್ಮ ಚಪ್ಪಲಿ ಬಿಡುತ್ತಲೇ ಕೇಳುತ್ತಿದ್ದಳು. "ಇವತ್ತು ಒಬ್ಬ ಮಹಾರಾಯ ಸೀದಾ ನನ್ನ ಮುಖಕ್ಕೇ ತೆಗೆದ. ಗಾಜು ಏರಿಸಿಬಿಟ್ರೆ ನಿಮ್ಮೋರಿಗೆ ಕಿವಿಯೂ ಇಲ್ಲ, ಕಣ್ಣೂ ಇಲ್ಲ."

"ನಿಮ್ಮೋರೇನು ಕಮ್ಮೀನಾ? ಕೆಂಪು ದೀಪ ಅನ್ನೋದು ಬೇರೆ ಯಾರಿಗೋ ಅಂದ್ಕೊಂಡಿದಾರೆ. ಇವತ್ತು ಒಬ್ಬ ಎರಡೂ ಕೈ ಬಿಟ್ಟು ಸೇಬು ತಿಂತಾ ಹೋದ."

"ಹಸಿವಾಗಿತ್ತೇನೋ ಪಾಪ."

"ಹಸಿವಾದ್ರೆ ನಿಂತು ತಿನ್ನಲಿ! ಅವನನ್ನ ನೋಡಿ ನನ್ನ ಸ್ಟೂಡೆಂಟ್ ಸ್ಟೇರಿಂಗ್ ಬಿಟ್ಟು ಕೈ ಮುಗಿದಳು."

ಹೀಗೆ ಊಟ ಮುಗಿಯುವವರೆಗೆ. ಇಬ್ಬರೂ ಸೋಲುತ್ತಿರಲಿಲ್ಲ. ಅಮ್ಮನದು ಎಂಥ ಹಟವೆಂದರೆ, ನೆಂಟರ ಮನೆಗೆ ಹೋಗುವಾಗ ಕೂಡ ಅಪ್ಪ ಬೇರೆಯವರ ಕಾರಿನಲ್ಲಿ ಬಂದರೆ ಅವಳು ತನ್ನ ಸೈಕಲ್ಲಿನಲ್ಲೇ ಬರುತ್ತಿದ್ದಳು. ಊರೊಳಗಿನ ಟ್ರಾಫಿಕ್ಕಿನ ದಯೆಯಿಂದ ಎಷ್ಟೋ ಸಲ ಅವಳೇ ಮೊದಲು ತಲುಪಿ, ಗೇಟಿಗೆ ಒರಗಿ ನಗುತ್ತಾ ನಿಂತಿರುತ್ತಿದ್ದಳು. ಆಗ ಅಪ್ಪನ ಮುಖ ನೋಡಬೇಕಿತ್ತು.

ನನ್ನ ಮದುವೆಯಾಗಿ, ನಾನು ಎರಡು ಬೀದಿ ಆಚೆಗೆ ಸಂಸಾರ ಹೂಡಿದ ಮೇಲೂ ಈ ಜಗಳ ನಿಂತಿರಲಿಲ್ಲ. ನಿಂತದ್ದು ಅಪ್ಪನ ಕಣ್ಣಿನಿಂದ. ಒಂದು ಸಂಜೆ ನಾನು ಅಲ್ಲೇ ಇದ್ದೆ. ಅಪ್ಪ ಬಂದು ಮೇಜಿನ ಮುಂದೆ ಕೂತು ತಟ್ಟೆ ಮುಟ್ಟಲಿಲ್ಲ.

"ಪಕ್ಕದಲ್ಲಿ ಒಂದು ಸೈಕಲ್ ಇತ್ತು," ಎಂದರು. "ಸ್ಟೂಡೆಂಟ್ ಹೇಳಿದಳು. ನಂಗೆ ಕಾಣಲೇ ಇಲ್ಲ. ಇವತ್ತು ಒಂದೇ ಸಲ ಅಲ್ಲ."

ಅಮ್ಮನಿಗೆ ಎಂಥಾ ಅವಕಾಶ ಅದು! ಅವಳು ಅದನ್ನು ಬಿಟ್ಟು ಅಪ್ಪನ ಪಕ್ಕ ಬಂದು ಕೂತಳು. ಮರುದಿನವೇ ಇಬ್ಬರೂ ಕಣ್ಣಿನ ಡಾಕ್ಟರ ಹತ್ತಿರ ಹೋದರು. ನೋಟ ಅಂಚಿನಿಂದ ಒಳಕ್ಕೆ ಕಪ್ಪಾಗುತ್ತಾ ಬರುತ್ತದೆ, ತಡ ಮಾಡಬಹುದು, ತಡೆಯಲಾಗದು ಎಂದರು ಡಾಕ್ಟರು. ಅಪ್ಪ ಸ್ಕೂಲಿಗೆ ಹೋಗಿ ಕಾರಿನ ಕೀ ಒಪ್ಪಿಸಿ ನಡೆದುಕೊಂಡು ಮನೆಗೆ ಬಂದರು.

ಬಂದವರು ಕಿಟಕಿ ಪಕ್ಕದ ಕುರ್ಚಿ ಹಿಡಿದರು. ಗಡ್ಡ ಬೆಳೆಯಿತು, ಅಂಗಿ ಮಾಸಿತು. ಯಾರಾದರೂ ತಮ್ಮ ಕಾರಿನಲ್ಲಿ ಒಂದು ಸುತ್ತು ಕರೆದುಕೊಂಡು ಹೋಗುತ್ತೇವೆಂದರೆ ಬೇಡ ಎನ್ನುವರು. ಒಮ್ಮೆ ನನ್ನ ಗಂಡನ ಜೊತೆ ಹೋಗಿ, ಅವನು ತಿರುವಿಗೆ ಬಂದಾಗಲೆಲ್ಲ ಇಲ್ಲದ ಬ್ರೇಕನ್ನು ಒತ್ತೀ ಒತ್ತೀ ಕಾಲು ನೋಯಿಸಿಕೊಂಡು ಬಂದಿದ್ದರು. ಅಳಿಯ ನಕ್ಕಿದ್ದು ಅವರಿಗೆ ಹಿಡಿಸಿರಲಿಲ್ಲ.

ಅಮ್ಮ ತನಗೆ ಗೊತ್ತಿದ್ದ ಮದ್ದು ಮಾಡಿದಳು. "ನಿಮ್ಮೋರು ಇವತ್ತು ಏನು ಮಾಡಿದ್ರು ಗೊತ್ತೇನ್ರೀ?" ಎಂದು ಕಾಲು ಕೆರೆದು ಜಗಳಕ್ಕೆ ಹೋದಳು.

"ಹೂಂ, ತಪ್ಪು ಅವರದ್ದೇ ಇರುತ್ತೆ ಬಿಡು," ಎಂದರು ಅಪ್ಪ.

ಅಮ್ಮ ಅಡುಗೆಮನೆಗೆ ಬಂದು ಬಾಗಿಲು ಮುಂದೆ ಮಾಡಿ ಬಿಕ್ಕಿಬಿಕ್ಕಿ ಅತ್ತಳು. "ಜಗಳಕ್ಕೇ ಬರ್ತಿಲ್ಲ ಕಣೇ ಇವರು. ಒಪ್ಕೊಂಡುಬಿಟ್ರು!" ಅವಳು ಹಾಗೆ ಹೆದರಿದ್ದನ್ನು ನಾನು ಎಂದೂ ನೋಡಿರಲಿಲ್ಲ.

ಅದಾದ ಕೆಲವು ದಿನಕ್ಕೆ ಅವಳೇ ಅಪ್ಪನ ಮುಂದೆ ಹೋಗಿ ನಿಂತಳು.

"ರೀ, ನಂಗೆ ಕಾರು ಕಲಿಸಿ."

"ಯಾರಿಗೆ?"

"ನಂಗೇರೀ. ಮಂಡಿ ನೋವು. ನಿವೃತ್ತಿನೂ ಆಯ್ತು. ಇನ್ನೆಷ್ಟು ದಿನ ಪೆಡಲ್ ತುಳೀಲಿ?"

ಮಂಡಿ ನೋವು ಹಸಿ ಸುಳ್ಳು. ಅವಳ ಮಂಡಿಗಳು ನನ್ನ ಮಂಡಿಗಳಿಗಿಂತ ಗಟ್ಟಿಯಾಗಿದ್ದವು. ಅವಳಿಗೆ ಬೇಕಿದ್ದದ್ದು ಕಾರಲ್ಲ, ಕುರ್ಚಿ ಬಿಟ್ಟು ಎದ್ದ ಗಂಡ. ಅಪ್ಪ ಎಷ್ಟೋ ತಿಂಗಳ ಮೇಲೆ ಮೊದಲ ಸಲ ನಕ್ಕರು. "ಈ ದಿನ ನೋಡೋಕೆ ನಂಗೆ ಕಣ್ಣು ಹೋಗಬೇಕಾಯ್ತಾ!" ಎಂದರು.

ಸ್ಕೂಲಿನ ಯಜಮಾನರು ಒಳ್ಳೆಯವರು. ರಜೆಯ ಬೆಳಿಗ್ಗೆ ಎರಡು ಬ್ರೇಕಿನ ಹಳೇ ಕಾರು ಕೊಡಲು ಒಪ್ಪಿದರು. ಲೈಸೆನ್ಸ್ ಇದ್ದವಳು ನಾನಾದ್ದರಿಂದ ಪಕ್ಕದ ಸೀಟಿನಲ್ಲಿ, ಆ ಎರಡನೇ ಬ್ರೇಕಿನ ಮೇಲೆ ಕಾಲಿಟ್ಟು ನಾನು. ಹಿಂದಿನ ಸೀಟಿನ ನಡುವೆ, ನಮ್ಮಿಬ್ಬರ ಭುಜದ ಮಧ್ಯೆ ತಲೆ ತೂರಿಸಿಕೊಂಡು ಅಪ್ಪ. ಪಾಠದ ದಿನ ಅವರು ಗಡ್ಡ ಹೆರೆದು, ಇಸ್ತ್ರಿ ಮಾಡಿದ ಅಂಗಿ ಹಾಕುತ್ತಿದ್ದರು.

"ಹೇಳು. ಏನು ಕಾಣುತ್ತೆ?"

"ಸೈಕಲ್ ಒಂದು. ಹಾಲಿನೋನು. ಕ್ಯಾನು ಒಂದು ಕಡೆ ಖಾಲಿ, ಒಂದು ಕಡೆ ತುಂಬಿದೆ, ಅದಕ್ಕೇ ವಾಲಿಸ್ಕೊಂಡು ಹೊಡೀತಿದಾನೆ. ಮುಂದೆ ಗುಂಡಿ ಇದೆ, ರಸ್ತೆ ನಡುವಿಗೆ ಬಂದೇ ಬರ್ತಾನೆ. ಅದರಾಚೆ ಇನ್ನೊಂದು ಸೈಕಲ್, ಕಾಲೇಜಿನ ಹುಡುಗಿ, ಚೈನು ಸಡಿಲ."

"ಕಾರುಗಳನ್ನೂ ಹೇಳೇ ಮಾರಾಯ್ತಿ."

"ಒಂದು ಬಿಳಿ ಕಾರು. ದುರಹಂಕಾರಿ."

"ದುರಹಂಕಾರ ಕಣ್ಣಿಗೆ ಕಾಣಲ್ಲ. ಕಂಡದ್ದು ಹೇಳು."

"ಫೋನಲ್ಲಿ ಮಾತಾಡ್ತಿದಾನೆ."

"ಹಾಂ! ಅದು ಹೇಳು."

ನಾನು ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಹೊಟ್ಟೆ ಹಿಡಿದು ನಗುತ್ತಿದ್ದೆ. ಹಿಂದೆ ಅಪ್ಪ ನೆಲ ಒತ್ತುವ ಸದ್ದು ಬೇರೆ. ಅಮ್ಮನ ಮಾತಿನಲ್ಲಿ ಬಿಳಿ ಕಾರು, ಕರಿ ಕಾರು ಎಂದು ಇದ್ದದ್ದು ಬರಬರುತ್ತಾ ಬದಲಾಯಿತು. "ಹಿಂದಿನ ಸೀಟಲ್ಲಿ ಮಗು ಅಳ್ತಾ ಇದೆ, ಪಾಪ, ಓಡಿಸ್ತಿರೋಳ ಗಮನ ಅಲ್ಲಿದೆ, ನಾವು ಸ್ವಲ್ಪ ದೂರ ಇರೋಣ" ಎನ್ನುತ್ತಿದ್ದಳು. ಒಂದು ದಿನ ತಿರುವಿನಲ್ಲಿ ಒಬ್ಬ ಸೈಕಲ್ಲಿನ ಹುಡುಗ ನಮ್ಮ ಬಾನೆಟ್ಟಿಗೆ ದಬದಬ ಬಡಿದು, "ಕಣ್ಣು ನೆತ್ತಿ ಮೇಲಿದೆಯಾ?" ಎಂದು ಕೂಗಿ ಹೋದ. ಅಮ್ಮ ಗಾಜು ಇಳಿಸುವಷ್ಟರಲ್ಲಿ ಅವನು ದೂರ ಹೋಗಿದ್ದ.

"ನಾನು ಅವನನ್ನ ನೋಡಿದ್ದೆ ಕಣ್ರೀ," ಎಂದಳು ಅಳುವ ದನಿಯಲ್ಲಿ. "ನಿಲ್ಲಿಸ್ತಾನೂ ಇದ್ದೆ. ನಾನು ನೋಡಿದ್ದು ಅವನಿಗೆ ಗೊತ್ತಾಗ್ಲಿಲ್ಲ ಅಷ್ಟೇ."

"ನಮ್ಮೋರೆಲ್ಲ ಇಷ್ಟು ವರ್ಷ ಅದನ್ನೇ ಹೇಳ್ತಿದ್ದದ್ದು," ಎಂದರು ಅಪ್ಪ. ಆ ಸಂಜೆ ಮೇಜಿನ ಮುಂದೆ ಜಗಳ ಮತ್ತೆ ಶುರುವಾಯಿತು. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಆಮೇಲೆ ಪರೀಕ್ಷೆ. ಇನ್ಸ್‌ಪೆಕ್ಟರ್ ಪಕ್ಕದಲ್ಲಿ ಕೂತರು. ಅಮ್ಮ ಗೇಟು ದಾಟಿದಳು, ಮುಂದೆ ಒಬ್ಬ ಮುದುಕ ಗ್ಯಾಸ್ ಸಿಲಿಂಡರ್ ಕಟ್ಟಿಕೊಂಡು ಸೈಕಲ್ ತುಳಿಯುತ್ತಿದ್ದ. ಅಮ್ಮ ಅವನ ಹಿಂದೆಯೇ ಹೋದಳು. ಇನ್ಸ್‌ಪೆಕ್ಟರ್ ಮುಂದೆ ಹೋಗಮ್ಮಾ ಎಂದರು. ಜಾಗ ಸಾಲದು ಸಾರ್ ಎಂದಳು. ಹಾರ್ನ್ ಹೊಡಿಯಮ್ಮಾ ಎಂದರು. ಹೆದರಿ ಬೀಳ್ತಾನೆ ಸಾರ್ ಎಂದಳು. ಮುದುಕನ ಮನೆ ಬರುವವರೆಗೂ ಪರೀಕ್ಷೆ ನಡೆಯಿತಂತೆ. ಫೇಲ್.

ಇದನ್ನು ಕೇಳಿ ಅಪ್ಪ ಬೈದರೂ ಒಳಗೊಳಗೆ ಹಿಗ್ಗಿದ್ದು ನನಗೆ ಕಂಡಿತು. ಮತ್ತೆ ಪಾಠ. ಎರಡನೇ ಪರೀಕ್ಷೆಯಲ್ಲಿ ರಿವರ್ಸ್ ತೆಗೆಯುವಾಗ ಅಮ್ಮ ಕಂಬಕ್ಕೆ ಹೊಡೆದಳು. ನಾನು ಮೈದಾನದ ಬೇಲಿ ಪಕ್ಕ ನಿಂತು ನೋಡುತ್ತಿದ್ದೆ. ಅವಳು ಕನ್ನಡಿಯಲ್ಲಿ ಕಂಬ ನೋಡಿದಳು, ಹಿಂದೆ ತಿರುಗಿ ಇನ್ನೊಮ್ಮೆ ನೋಡಿದಳು, ಆಮೇಲೆ ಬಂಪರಿಗೆ ಗೀರು ಬೀಳದ ಹಾಗೆ, ಕೂಸನ್ನು ತೊಟ್ಟಿಲಿಗೆ ಇಳಿಸುವಷ್ಟು ಮೆತ್ತಗೆ ಹೋಗಿ ತಾಗಿಸಿದಳು. ಮುಂದಿನ ಸಲವೂ ಅದೇ ಕಂಬ. ನಾನು ಅಮ್ಮನ ಮುಖ ನೋಡಿದೆ. ಅವಳು ನನ್ನ ಮುಖ ನೋಡಲಿಲ್ಲ. ನಾನೂ ಬಾಯಿಗೆ ಬೀಗ ಹಾಕಿಕೊಂಡೆ.

ಮನೆಗೆ ಬಂದು ಕೂತಾಗ ಅಪ್ಪ ಚಹಾದ ಲೋಟ ತಡಕಿ ಹಿಡಿದುಕೊಂಡು ಕೇಳಿದರು. "ಬೇಕಂತಲೇ ಹೊಡೆದೆ ಅಲ್ವಾ?"

"ಏನ್ರೀ ಹಾಗಂದ್ರೆ? ವಯಸ್ಸಾಯ್ತು, ಕೈ ತಪ್ಪುತ್ತೆ."

"ಮೊದಲನೇ ಸಲ ಸೈಕಲ್ ಹಿಂದೆ ಹೋದದ್ದು ನಿಜ. ಅದು ನಿನ್ನ ಗುಣ. ಆಮೇಲಿನದೆಲ್ಲ ನಾಟಕ. ನನ್ನ ಹತ್ರ ಕಲಿತೋರು ಕಂಬಕ್ಕೆ ಹೊಡೆಯಲ್ಲ."

"ಪಾಸಾದ್ರೆ ಪಾಠ ಮುಗಿದುಹೋಗುತ್ತಲ್ಲ," ಎಂದಳು ಅಮ್ಮ. "ಮತ್ತೆ ಹೋಗಿ ಆ ಕುರ್ಚೀಲಿ ಕೂತ್ಕೋತೀರಿ."

"ನಂಗೂ ಅದೇ ಭಯ ಇತ್ತು ಕಣೇ. ಅದಕ್ಕೇ ಗೊತ್ತಿದ್ದೂ ಇಷ್ಟು ದಿನ ಬಾಯಿ ಬಿಡಲಿಲ್ಲ." ಅಪ್ಪ ಲೋಟ ಕೆಳಗಿಟ್ಟರು. "ಆದ್ರೆ ಈಗ ಕಣ್ಣಿನ ನಡುವೆ ಉಳಿದಿದ್ದ ಚೂರು ನೋಟಾನೂ ಹೋಯ್ತು. ನೀನು ಹೇಳಿದಷ್ಟೇ ನಂಗೆ ರಸ್ತೆ. ಪಾಸಾಗು. ಹಿಂದೆ ಕೂತದ್ದು ಸಾಕು, ನಿನ್ನ ಪಕ್ಕ ಕೂರಬೇಕು ನಾನು. ನಿನ್ನ ಸೈಕಲ್ ದಾರಿ ಒಂದ್ಸಲ ತೋರಿಸು. ಇಷ್ಟು ವರ್ಷ ಅದರ ಮೇಲೆ ಜಗಳ ಆಡಿದ್ದೇ ಆಯ್ತು. ಒಂದು ದಿನಾನೂ ನೋಡಲಿಲ್ಲ."

ಅವರ ಕಣ್ಣು ಪೂರ್ತಿ ಹೋಗಿದೆ ಎಂದು ನಮಗೆ ತಿಳಿದದ್ದು ಆಗಲೇ. ನಾನು ಅಲ್ಲಿ ಕೂರಲಾಗದೆ ಎದ್ದು ಹೋಗಿ ಪಾತ್ರೆ ತೊಳೆಯತೊಡಗಿದೆ. ಮುಂದಿನ ಪರೀಕ್ಷೆಯಲ್ಲಿ ಅಮ್ಮ ಯಾವ ತಕರಾರೂ ಇಲ್ಲದೆ ಪಾಸಾದಳು.

ಯಜಮಾನರು ಅದೇ ಹಳೇ ಕಾರನ್ನು ಒಂದು ದಿನದ ಮಟ್ಟಿಗೆ ಬಿಟ್ಟುಕೊಟ್ಟರು. ಈ ಸಲ ಹಿಂದೆ ನಾನು, ಮುಂದೆ ಅವರಿಬ್ಬರು. "ಕಾಲು ಮೇಲೆ ಮಡಚಿ ಕೂತ್ಕೊಳ್ಳಿ, ಬ್ರೇಕ್ ಮುಟ್ಟಿದ್ರೆ ಇಳಿಸಿಬಿಡ್ತೀನಿ," ಎಂದು ಅಮ್ಮ ತಾಕೀತು ಮಾಡಿದಳು. ಅಪ್ಪ ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು.

ಅಮ್ಮ ಹೇಳುತ್ತಾ ಹೋದಳು. "ಇದು ಏರು. ಮಧ್ಯಾಹ್ನ ಇಲ್ಲಿ ಇಳಿದು ತಳ್ಕೊಂಡು ಹೋಗ್ತಿದ್ದೆ. ಈ ಮನೇಲಿ ಅವಳಿ ಹೆಣ್ಣುಮಕ್ಕಳು, ಒಂದನ್ನ ತೂಗೋವಾಗ ಇನ್ನೊಂದು ಅಳೋದು. ಈ ಹಸಿರು ಗೇಟಿನ ಮನೆಯ ಮಗು ಉಳೀಲಿಲ್ಲ. ಆವತ್ತು ನಾನು ಮನೆಗೆ ಬಂದು ನಿಮ್ಮೋರನ್ನ ಸುಮ್ಮಸುಮ್ಮನೆ ಬೈದೆ, ನೆನಪಿದೆಯಾ?" ಅಪ್ಪ ಅವಳ ತೋಳಿನ ಮೇಲೆ ಕೈಯಿಟ್ಟರು. ಆ ಬೈಗುಳದ ಹಿಂದೆ ಒಂದು ಮಗು ಇತ್ತೆಂದು ನನಗೂ ಆವತ್ತೇ ಗೊತ್ತಾಯಿತು.

ಕೊನೆಗೆ ಒಂದು ಓಣಿಯ ಬಾಯಲ್ಲಿ ಅಮ್ಮ ಕಾರು ನಿಲ್ಲಿಸಿದಳು.

"ಯಾಕೆ, ಏನು ಬಂತು?"

"ಇಲ್ಲಿಂದ ಮುಂದೆ ಕಾರು ಹೋಗಲ್ಲರೀ. ಸೈಕಲ್ ಮಾತ್ರ."

"ಒಳಗೆ ಎಷ್ಟು ಮನೆ?"

"ಬೇಕಾದಷ್ಟು. ನಾನು ತೂಗಿದ ಅರ್ಧ ಮಕ್ಕಳು ಇಲ್ಲಿಯೋರೇ."

ಅಷ್ಟರಲ್ಲಿ ಹಿಂದೆ ಒಂದು ಕಾರು ಬಂದು ನಿಂತಿತು, ಅದರ ಹಿಂದೆ ಇನ್ನೊಂದು. ಒಂದು ಹಾರ್ನ್, ಆಮೇಲೆ ಎಲ್ಲವೂ ಸೇರಿ. ದಾರಿಗೆ ಅಡ್ಡ ನಿಲ್ಲುವವರನ್ನು ಜೀವಮಾನವಿಡೀ ಬೈದ ಮನುಷ್ಯ ನಮ್ಮಪ್ಪ. ಅಮ್ಮ ಗಡಿಬಿಡಿಯಿಂದ ಗೇರಿಗೆ ಕೈ ಹಾಕಿದಳು. ಅಪ್ಪ ತಡಕಾಡಿ ಆ ಕೈ ಹಿಡಿದುಕೊಂಡರು.

"ಹೊಡ್ಕೊಳ್ಳಲಿ ಬಿಡೇ," ಎಂದರು. "ನೀನು ಹೇಳು. ಮೊದಲನೇ ಮನೇಲಿ ಯಾರು?"