ಕತ್ತಲು ಮಾಡಿ ತೋರಿಸಿದ ಚಿತ್ರ

ಅವನನ್ನು ಎಲ್ಲರೂ ಕರೆಯುತ್ತಿದ್ದುದು 'ಮೂರು ನಿಮಿಷದ ಮಹಾರಾಯ' ಎಂದು. ರಕ್ತದಾನವೋ, ಕೆರೆಯ ಹೂಳೋ, ಯಾವ ಒಳ್ಳೆಯ ಕೆಲಸಕ್ಕೆ ಜನ ಬೇಕಾದರೂ ಮೂರು ನಿಮಿಷದ ವಿಡಿಯೋ ಮಾಡಿಕೊಡುವುದೇ ಅವನ ಕಸುಬು. ದೊಡ್ಡ ಸಿನಿಮಾ ಮಾಡಲಿಲ್ಲವೆಂಬ ಕೊರಗು? ಎಳ್ಳಷ್ಟೂ ಇಲ್ಲ! ಚಿತ್ರದಲ್ಲಿ ಇರುವವರು ಮೊದಲು ನೋಡಿ ಒಪ್ಪಬೇಕು, ಆಮೇಲೆ ಊರಿಗೆ. ಇದೊಂದೇ ಅವನ ಹಟ.

ಈ ಸಲ ಕರೆದದ್ದು ಕಣ್ಣು ಕಾಣದವರ ಓದುಮನೆ. ಅಲ್ಲಿ ಯಾರಾದರೂ ಬಂದು ಪುಸ್ತಕ ಓದುತ್ತಾರೆ, ಉಳಿದವರು ಕೇಳುತ್ತಾರೆ. ಓದುವವರೆಲ್ಲ ಒಬ್ಬೊಬ್ಬರಾಗಿ ಜಾರಿಕೊಂಡು, ವಾರಕ್ಕೊಮ್ಮೆ ಬರುವ ದರ್ಜಿಯೊಬ್ಬನೇ ಉಳಿದಿದ್ದ. ಹೊಸಬರು ಸಿಗದಿದ್ದರೆ ತಿಂಗಳ ಕೊನೆಗೆ ಬಾಗಿಲು ಹಾಕುವುದೆಂದು ತೀರ್ಮಾನವಾಗಿತ್ತು.

ನಮ್ಮ ಮಹಾರಾಯ ಜೀವ ತೇದು ಚಿತ್ರ ಮಾಡಿದ. ಕಿಟಕಿಯ ಬೆಳಕು, ನಗುವ ಮುಖಗಳು, ಹಿನ್ನೆಲೆಗೆ ಪಿಯಾನೊ. ಓದುಮನೆಯಲ್ಲಿ ಎಲ್ಲರನ್ನೂ ಕೂರಿಸಿ, ಕಿಟಕಿಯ ಪರದೆ ಎಳೆದು, ಟಪ್ ಎಂದು ದೀಪ ಆರಿಸಿ ಚಿತ್ರ ಹಾಕಿದ.

ಮುಗಿಯಿತು. ಹೇಗಿದೆ ಎಂದು ಕೇಳಿದ.

"ಸಂಗೀತ ಇಂಪಾಗಿದೆಯಪ್ಪಾ," ಎಂದಳು ಅಲ್ಲಿನ ಹಿರಿಯಜ್ಜಿ. "ನಾವು ಯಾವಾಗ ಬರ್ತೀವಿ ಇದರಲ್ಲಿ?"

"ಅದಿರಲಿ, ದೀಪ ಯಾಕಪ್ಪಾ ಆರಿಸ್ದೆ? ನಮ್ಮ ಕಣ್ಣಿಗೆ ಚುಚ್ಚುತ್ತೆ ಅಂತಾನಾ?" ಎಂದ ಪಕ್ಕದ ಮುದುಕ.

ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಅವನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಇಷ್ಟು ವರ್ಷದ ಕಸುಬುದಾರ, ಒಂದು ಮಾತೂ ಇಲ್ಲದ ಚಿತ್ರವನ್ನು ಇವರಿಗೆ ತಂದಿದ್ದನಲ್ಲ!

ಮತ್ತೆ ಮಾಡಿದ. ಈ ಸಲ ಪರದೆಯ ಮೇಲೆ ಬರೀ ಕಪ್ಪು. ದರ್ಜಿ ಕಥೆ ಓದುತ್ತಾನೆ, ಅಜ್ಜಿ ನಡುವೆ ಬಾಯಿ ಹಾಕುತ್ತಾಳೆ, ಮುದುಕ ಅವಳನ್ನು ಗದರುತ್ತಾನೆ. ಕಥೆಯ ಹೆಂಗಸು ಮುಚ್ಚಿದ ಕೋಣೆಯ ಚಿಲಕಕ್ಕೆ ಕೈ ಹಾಕುತ್ತಾಳೆ. ಅಷ್ಟರಲ್ಲಿ ದರ್ಜಿಯ ಧ್ವನಿ: "ಇವತ್ತಿಗೆ ಇಷ್ಟೇ. ನಾನಿನ್ನು ಮುಂದಿನ ವಾರಾನೇ. ಅಲ್ಲೀವರೆಗೂ ಓದೋರು ಯಾರೂ ಇಲ್ಲ."

ಅಜ್ಜಿ ಕೇಳಿ ಒಪ್ಪಿದಳು. ಚಿತ್ರ ಹೊರಬಿದ್ದ ದಿನದಿಂದ ಅವನ ಫೋನಿಗೆ ಪುರುಸೊತ್ತಿಲ್ಲ. ಔಷಧಿ ಅಂಗಡಿಯವನು, ಬಸ್ಸಿನ ಕಂಡಕ್ಟರ್, ಸ್ವಂತ ಅತ್ತಿಗೆ, ಎಲ್ಲರದೂ ಒಂದೇ ಪ್ರಶ್ನೆ: "ಒಳಗೆ ಏನಿತ್ತು ಮಾರಾಯ?"

"ನಂಗೇನು ಗೊತ್ತು? ಪುಸ್ತಕ ಓದುಮನೇಲಿದೆ. ಹೋಗಿ ಜೋರಾಗಿ ಓದಿ," ಎನ್ನುತ್ತಿದ್ದ.

ತಿಂಗಳ ಕೊನೆಗೆ ಹೋಗಿ ನೋಡಿದರೆ ಬಾಗಿಲು ತೆರೆದೇ ಇದೆ. ಒಳಗೆ ಅತ್ತಿಗೆಗೂ ಕಂಡಕ್ಟರಿಗೂ ಇವತ್ತಿನ ಸರದಿ ಯಾರದೆಂದು ಜಗಳ. ಅವನು ಖುಷಿಯಿಂದ ಒಳಗೆ ಕಾಲಿಟ್ಟ.

ಹೆಜ್ಜೆ ಸದ್ದಿಗೇ ಅಜ್ಜಿ ಗುರುತು ಹಿಡಿದಳು. "ಬಂದ್ಯಾ? ಸಾಕಪ್ಪಾ, ಇನ್ನು ಜನ ಕಳಿಸ್ಬೇಡ. ಓದೋರು ಜಾಸ್ತಿಯಾಗಿ ಕೇಳೋರೇ ಸಾಲ್ತಿಲ್ಲ. ಕೂತ್ಕೋ."

ಅವನು ಕೂತ.