ಎದೆ, ಸೊಂಟ, ಕಾಲು, ಕೊನೆಗೆ ತಲೆ

ಗದಗದ ಮೈದಾನವೊಂದರಲ್ಲಿ ರಕ್ಷಣಾ ಕಾರ್ಯದ ಅಣಕು ಪ್ರದರ್ಶನವಿತ್ತು. ಗಾಯಾಳುವಾಗಬೇಕಿದ್ದವನು ಬರಲಿಲ್ಲ. ವರದಿಗೆಂದು ಹೋಗಿದ್ದ ನನ್ನನ್ನೇ ನೆಲದ ಮೇಲೆ ಮಲಗಿಸಿದರು. ನಾಲ್ಕು ಜನ ನನ್ನನ್ನು ಮರದ ದಿಮ್ಮಿಯಂತೆ ಒಂದೇ ಸಲಕ್ಕೆ ಹೊರಳಿಸಿ, ಹಲಗೆಯಂಥ ಸ್ಟ್ರೆಚರ್ ಮೇಲೆ ತಂದರು. ಕಲಿಸುತ್ತಿದ್ದವರು ಪಟ್ಟಿ ಬಿಗಿಯುತ್ತ ಕ್ರಮ ಹೇಳಿದರು. ಮೊದಲು ಎದೆ, ಆಮೇಲೆ ಸೊಂಟ, ಆಮೇಲೆ ಕಾಲು, ಎಲ್ಲಕ್ಕಿಂತ ಕೊನೆಗೆ ತಲೆ. ತಲೆಯನ್ನು ಮೊದಲೇ ಕಟ್ಟಿಬಿಟ್ಟರೆ, ಮೈ ಜಾರಿದಾಗ ಕುತ್ತಿಗೆಗೆ ಪೆಟ್ಟು. ಇನ್ನೊಂದು ಮಾತನ್ನು ಅವರು ಎರಡು ಸಲ ಹೇಳಿದರು: ಬೆನ್ನಿಗೆ ಪೆಟ್ಟಾದವನನ್ನು ಎಬ್ಬಿಸಿ ಕೂರಿಸಬಾರದು, ಮುರಿದ ಮೂಳೆ ಒಳಗಿನ ನರಕ್ಕೆ ತಾಗಿದರೆ ಕಾಲು ಹೋಗುತ್ತದೆ.

ಸಂಜೆ ಇದೆಲ್ಲವನ್ನೂ ಬರೆದೆ. ಅಂದು ಮುಂಡರಗಿ, ಶಿರಹಟ್ಟಿಯ ಸುದ್ದಿಗಳೂ ಹೆಚ್ಚಿದ್ದವು, ಪುಟದಲ್ಲಿ ಜಾಗವಿರಲಿಲ್ಲ. ಮುಖ್ಯ ಅತಿಥಿಗಳ ಭಾಷಣ, ವೇದಿಕೆ ಮೇಲಿದ್ದವರ ಹೆಸರು ಉಳಿಯಲೇಬೇಕು. ಆರು ಸಾಲು ತೆಗೆಯಬೇಕಾಯಿತು. ಯಾವ ಆರು ಸಾಲು ಎಂದು ಯಾರೂ ಹೇಳಿರಲಿಲ್ಲ. ನಾನೇ ಆರಿಸಿದೆ. ಎಬ್ಬಿಸಿ ಕೂರಿಸಬಾರದು ಎಂಬ ಮಾತೂ ಅದರಲ್ಲೇ ಹೋಯಿತು.

ಎರಡು ತಿಂಗಳ ನಂತರ ಹೊಂಬಳದ ರಸ್ತೆಯಲ್ಲಿ ಬೈಕ್ ಮೇಲೆ ಹೋಗುತ್ತಿದ್ದೆ. ಮುಂದೆ ಜೋಳದ ಕಣಿಕೆ, ಒಣದಂಟು, ಹೇರಿದ ಟ್ರ್ಯಾಕ್ಟರ್. ಹೇರಿನ ಮೇಲೆ ಕೂತವನು ಸಡಿಲಾದ ಹಗ್ಗ ಬಿಗಿಯಲು ಎದ್ದು ನಿಂತು ಎಳೆದ. ಗಂಟು ಬಿಚ್ಚಿ ಹಗ್ಗ ಅವನ ಕೈಗೇ ಬಂತು. ಬೆನ್ನಡಿಯಾಗಿ ಡಾಂಬರಿನ ಮೇಲೆ ಬಿದ್ದ. ಟ್ರ್ಯಾಕ್ಟರ್ ಓಡಿಸುತ್ತಿದ್ದವನು ಅವನ ಅಣ್ಣ.

ಆಂಬುಲೆನ್ಸಿಗೆ ಫೋನ್ ಮಾಡಿದೆ. ಇಪ್ಪತ್ತು ನಿಮಿಷ ಬೇಕು ಎಂದರು. ಬಿದ್ದವನಿಗೆ ಎಚ್ಚರವಿತ್ತು. ಕಾಲ್ಬೆರಳು ಆಡಿಸಲು ಹೇಳಿದೆ. ಎರಡೂ ಪಾದದ ಬೆರಳು ಆಡಿಸಿದ. ಹತ್ತು ಗಂಟೆ ಹತ್ತು ನಿಮಿಷ. ಬೆರಳು ಆಡಿದ್ದನ್ನೂ ಹೊತ್ತನ್ನೂ ರೂಢಿಯಂತೆ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.

ಅಷ್ಟರಲ್ಲಿ ಸುತ್ತಲಿನ ಹೊಲಗಳಿಂದ ಜನ ಬಂದರು. ಅವನು ನೀರು ಕೇಳುತ್ತಿದ್ದ. ಒಬ್ಬಾಕೆ ಚರಿಗೆ ತುಂಬ ನೀರು ತಂದಳು. ನಮ್ಮ ಕಡೆ ಮಲಗಿದವನ ಬಾಯಿಗೆ ನೀರು ಬಿಡುವುದು ಜೀವ ಹೋಗುವ ಹೊತ್ತಿನಲ್ಲಿ ಮಾತ್ರ. ಬದುಕಬೇಕಾದವನಿಗೆ ಕೂರಿಸಿಯೇ ಕುಡಿಸಬೇಕು. ಅಣ್ಣ ತಮ್ಮನ ಕಂಕುಳಿಗೆ ಕೈ ಹಾಕಿದ.

“ಬ್ಯಾಡ್ರಿ, ಎಬ್ಬಸಬ್ಯಾಡ್ರಿ,” ಎಂದೆ.

ರುಮಾಲಿನ ಹಿರಿಯರೊಬ್ಬರು ನನ್ನ ಕೊರಳಿನ ಕ್ಯಾಮೆರಾ ನೋಡಿದರು. “ಪೇಪರ್‌ನವ್ರ, ನಿಮಗ ಫೋಟೋ ಬೇಕಲ್ಲ? ಹೊಡ್ಕೊಂಡು ಆ ಕಡೆ ಸರೀರಿ, ಗಾಳಿ ಆಡ್ಲಿ. ಮಲಗಿಸಿ ನೀರ ಬಿಡಾಕ ಅಂವೇನ ಸಾಯಾಕ ಹತ್ಯಾನೇನು?”

ಒಂದಿಬ್ಬರು ನಕ್ಕರು. ನಾನು ಹಿಂದೆ ಸರಿದೆ. ಅಣ್ಣ ತಮ್ಮನನ್ನು ಎತ್ತಿ ಎದೆಗೆ ಒರಗಿಸಿಕೊಂಡು ಕೂರಿಸಿದ. ತಮ್ಮ ಒಮ್ಮೆ ಚೀರಿದ. ಆಮೇಲೆ ನೀರು ಕುಡಿದ. ಆಗ ಫೋಟೋ ತೆಗೆದೆ.

ಆಂಬುಲೆನ್ಸಿನಲ್ಲಿ ಬಂದವನು ಮೊದಲು ಪಾದ ಮುಟ್ಟಿ ನೋಡಿದ. ಬೆರಳು ಆಡಲಿಲ್ಲ. ಯಾರು ಕೂರಿಸಿದ್ದು ಎಂದು ಕೇಳಿದ. ನೀರು ತಂದಾಕೆ ಹಿಂದೆ ಸರಿದಳು, ನಾನು ಕ್ಯಾಮೆರಾದ ಮುಚ್ಚಳ ಹಾಕಿದೆ. ಅವನು ಮತ್ತೆ ಕೇಳದೆ ನಾಲ್ವರನ್ನು ಕರೆದು, ಗಾಯಾಳುವನ್ನು ಹೊರಳಿಸಿ ಸ್ಟ್ರೆಚರ್ ಮೇಲೆ ತಂದು, ಕಟ್ಟತೊಡಗಿದ. ಎದೆ, ಸೊಂಟ, ಕಾಲು. ತಲೆಯ ಎರಡೂ ಪಕ್ಕ ಟವೆಲ್ ಸುತ್ತಿ ಇಟ್ಟು, ಕೊನೆಗೆ ಹಣೆಯ ಮೇಲೊಂದು ಪಟ್ಟಿ. ಅಣ್ಣ ಬಗ್ಗಿ ನಿಂತು ಅವನ ಕೈಗಳನ್ನೇ ನೋಡುತ್ತಿದ್ದ.

ಮರುದಿನ ನನ್ನ ಫೋಟೋ ಅಚ್ಚಾಯಿತು. ಅಣ್ಣನ ಎದೆಗೆ ಒರಗಿದ ತಮ್ಮ, ತುಟಿಗೆ ಚರಿಗೆ. ‘ಮಾನವೀಯತೆ ಮೆರೆದ ಗ್ರಾಮಸ್ಥರು’ ಎಂಬ ಶೀರ್ಷಿಕೆಯೂ ನನ್ನದೇ. ಬೀಳುವಾಗಲೇ ನರ ಹೋಯಿತೋ ಆಮೇಲೆ ಹೋಯಿತೋ ತಿಳಿಯುವುದಿಲ್ಲ ಎಂದು ವೈದ್ಯರು ಮನೆಯವರಿಗೆ ಹೇಳಿದರಂತೆ. ತಿಳಿಸುವ ಹಾಳೆ ನನ್ನ ಜೇಬಿನ ನೋಟ್‌ಬುಕ್ಕಿನಲ್ಲಿತ್ತು. ಅದನ್ನು ವರದಿಯಲ್ಲಿ ಸೇರಿಸಲಿಲ್ಲ. ಈ ಸಲ ಪುಟದಲ್ಲಿ ಜಾಗವಿತ್ತು.

ಆರು ತಿಂಗಳಾದ ಮೇಲೆ ಅವರ ಮನೆಗೆ ಹೋದೆ. ನನ್ನ ಫೋಟೋವನ್ನು ಪತ್ರಿಕೆಯಿಂದ ಕತ್ತರಿಸಿ ಪಡಸಾಲೆಯ ಗೋಡೆಗೆ ಅಂಟಿಸಿದ್ದರು. ಅಂಗವಿಕಲರ ಪ್ರಮಾಣಪತ್ರಕ್ಕೆ ತಮ್ಮನನ್ನು ಗದಗಕ್ಕೆ ಒಯ್ಯಬೇಕಿತ್ತು. ಹೊರಗೆ ಸರಕಿನ ಆಟೋ ನಿಂತಿತ್ತು. ಅಣ್ಣ ಹಳೆಯ ಬಾಗಿಲ ಹಲಗೆಯೊಂದರ ಮೇಲೆ ಕೌದಿ ಹಾಸಿ, ತಮ್ಮನನ್ನು ಮಲಗಿಸಿ, ಸೀರೆ ಹರಿದು ಮಾಡಿದ ಪಟ್ಟಿಗಳಿಂದ ಕಟ್ಟುತ್ತಿದ್ದ. ಎದೆ ಮುಗಿದಿತ್ತು. ಸೊಂಟ ಕಟ್ಟಿದ, ಕಾಲು ಕಟ್ಟಿದ. ಒಂದು ಪಟ್ಟಿಯೂ ಹಿಂದುಮುಂದಾಗಲಿಲ್ಲ. ರಸ್ತೆಯಲ್ಲಿ ಒಮ್ಮೆ ನೋಡಿದ್ದು ಅವನಿಗೆ ಸಾಕಾಗಿತ್ತು.

ತಲೆ ಎತ್ತದೆಯೇ ಅಣ್ಣ ಹೇಳಿದ. “ಅವತ್ತ ಬ್ಯಾಡ ಅಂದ್ರಿ. ಯಾಕ ಬ್ಯಾಡಂತ ಒಂದ ಮಾತ ಹೇಳಿದ್ರ ನಾ ಕೇಳ್ತಿದ್ನಲ್ರಿ.”

ಹಲಗೆಯ ಮೇಲಿದ್ದವನು ಸೂರು ನೋಡುತ್ತಿದ್ದ. ನಾನು ಅಲ್ಲಿಗೆ ಹೋಗಿದ್ದೇ ಬೆರಳು ಆಡಿದ ಸಂಗತಿ ಹೇಳಲು. ನೋಟ್‌ಬುಕ್ಕನ್ನೂ ತಂದಿದ್ದೆ, ಕೈಯಲ್ಲೇ ಇತ್ತು. ಅದನ್ನು ಈಗ ತೆರೆದರೆ, ತಮ್ಮನ ಕಾಲಿನ ಬಲ ತೆಗೆದದ್ದು ಅಣ್ಣನ ಕೈಗಳೇ ಎಂದು ಆ ಕೈಗಳಿಗೆ ಹೇಳಿದಂತಾಗುತ್ತಿತ್ತು. ತೆರೆಯದಿದ್ದರೆ, ಗೊತ್ತಿದ್ದೂ ಕಾರಣ ಹೇಳದ ನಾನು ಪಾರಾಗುತ್ತಿದ್ದೆ.

ಅಣ್ಣ ಕೊನೆಗೆ ಹಣೆಯ ಪಟ್ಟಿ ಕಟ್ಟಿ, ಎರಡು ಸಲ ಎಳೆದು ನೋಡಿ, ಎದ್ದು ಹಲಗೆಯ ತುದಿಗೆ ಹೋದ.

“ನಿಂತ ನೋಡಬ್ಯಾಡ್ರಿ. ಕಾಲ ಕಡೆ ಹಿಡೀರಿ.”

ನೋಟ್‌ಬುಕ್ಕನ್ನು ಜೇಬಿಗೆ ಹಾಕಿ, ಕಾಲ ಕಡೆ ಹಿಡಿದೆ.